ಕರೆಂಟ್ ಪೇಟಿಯೊಳಗಿನ ಮಗ್ಗ

ಇದನ್ನು ಓದಿ "ಅಜ್ಜಿಗೆ ನಿದ್ದೆಗಣ್ಣು ಇದ್ದೀತು" ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ನನ್ನ ಹತ್ತಿರ ನಿದ್ದೆ ಸುಳಿದಿರಲಿಲ್ಲ. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಸಿಟ್ಟಿಗೆದ್ದ ಹೆಂಗಸಿಗೆ ಭ್ರಮೆ ಆಗುವುದಿಲ್ಲ, ಬಿಲೀವ್ ಮಿ.

ನಡೆದದ್ದು ಇಳಕಲ್ಲಿನ ನಮ್ಮ ಮನೆಯಲ್ಲಿ, ಎಂಬತ್ತರ ದಶಕದ ಮೊದಮೊದಲು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ಒಬ್ಬರು ನನಗೆ ಪಿಯಾನೋ ಕಲಿಸಿದರು. "ಯುವರ್ ಫಿಂಗರ್ಸ್ ಆರ್ ಎ ಗಿಫ್ಟ್, ಚೈಲ್ಡ್" ಎನ್ನುತ್ತಿದ್ದರು. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಆ ಗಿಫ್ಟ್ ರೊಟ್ಟಿ ಬಡಿಯುವುದನ್ನು ಕಲಿಯಿತು.

ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಒಂದು ರಜೆಗೆ ಬರುವಾಗ ಜಪಾನಿನ ಬಂದರಿನ ಹಳೆ ಸಾಮಾನಿನ ಅಂಗಡಿಯಿಂದ ಒಂದು ಸಿಂಥೆಸೈಜರ್ ತಂದುಕೊಟ್ಟ. ಕೆಳಗೆ ಪಿಯಾನೋದಂಥ ಕೀಲಿಗಳು. ಮೇಲೆ ತಿರುಗಿಸುವ ಗುಂಡಿಗಳು, ಮತ್ತು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುವ ಸಣ್ಣ ಸಣ್ಣ ವಾಯರುಗಳು. ಯಾವ ವಾಯರು ಎಲ್ಲಿ ಎಂಬುದರ ಮೇಲೆ ಅದರ ದನಿ. ಒಮ್ಮೆ ಶಂಖ, ಒಮ್ಮೆ ಗಾಳಿ, ಒಮ್ಮೆ ಯಾರೋ ಮೂಗಿನಲ್ಲಿ ಅತ್ತ ಹಾಗೆ. ವಾಯರು ಕಿತ್ತರೆ ಮೂಗಪ್ಪ. ಏನೂ ಇಲ್ಲ. ಈ ಮಾತು ನೆನಪಿಡಿ.

ನಮ್ಮ ಅತ್ತೆ ಅದನ್ನು ಕರೆಂಟ್ ಪೇಟಿ ಎಂದು ಕರೆದರು. ನಮ್ಮ ಕಡೆ ಪೇಟಿ ಎಂದರೆ ಹಾರ್ಮೋನಿಯಂ.

"ಏನವಾ ಇದು, ಬೆಕ್ಕಿನ ಬಾಲಾ ತುಳದಂಗ ಒದರತೈತಿ?"

ಬೆಕ್ಕೇ ಎಷ್ಟೋ ವಾಸಿ. ಈ ಯಂತ್ರಕ್ಕೆ ಜಪಾನಿನ ಕಡಿಮೆ ವೋಲ್ಟೇಜ್ ಬೇಕು. ಅದಕ್ಕೆಂದು ಒಂದು ಟ್ರಾನ್ಸ್‌ಫಾರ್ಮರ್, ಇಟ್ಟಿಗೆಯಷ್ಟು ಭಾರ, ಸದಾ ಹೊಗೆ ವಾಸನೆ. ಬಿಸಿಲು ಏರಿದರೆ ಸುರ ಏರುತ್ತಿತ್ತು. ಕರೆಂಟು ಕುಸಿದರೆ ಸುರ ಇಳಿಯುತ್ತಿತ್ತು. ಷಡ್ಜ ಹಿಡಿದು ಕೂತರೆ ಹಾಡು ಮುಗಿಯುವಷ್ಟರಲ್ಲಿ ಅದು ನಿಷಾದಕ್ಕೆ ಜಾರಿರುತ್ತಿತ್ತು. ಹೋಪ್‌ಲೆಸ್!

"ನಿನ್ನ ಪೇಟಿಗೂ ನಮ್ಮವ್ವಗೂ ಒಂದ ಗುಣಾ," ನಮ್ಮವರು ನಗುತ್ತಿದ್ದರು. ಅವರು ಹುನಗುಂದದಲ್ಲಿ ಲೆಕ್ಚರರ್. "ಬಿಸಲ ಏರಿದ್ರ ಇಬ್ಬರ ಸುರಾನೂ ಏರತೈತಿ."

ಅದನ್ನು ಇಟ್ಟದ್ದು ನಡುಮನೆಯ ಹಿಂದಿನ ಮಗ್ಗದ ಕೋಣೆಯಲ್ಲಿ. ಮಾವನವರ ಕಾಲದಲ್ಲಿ ಹೊರಗಿನ ನೇಕಾರರು ಬಂದು ಅಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದರಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಮಾವನವರೂ ಇರಲಿಲ್ಲ, ಮಗ್ಗವೂ ಇರಲಿಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ತಗ್ಗು ಮಾತ್ರ ಉಳಿದಿತ್ತು, ಮೇಲೆ ಪರಸಿ ಕಲ್ಲಿನ ಚಪ್ಪಡಿ ಮುಚ್ಚಿದ್ದರು. ಕೋಣೆಯಲ್ಲಿ ಮೇಜು ಅಲುಗಾಡದೆ ನಿಲ್ಲುತ್ತಿದ್ದುದು ಆ ಕಲ್ಲಿನ ಮೇಲೆ ಮಾತ್ರ.

ಒಂದು ದಿನ ರೋಜಿ ಬಂದಳು. ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು, ಧಾರವಾಡದ ಹುಡುಗಿ. ಈಗ ಮುಂಬಯಿಯಲ್ಲಿ ಡಾಕ್ಯುಮೆಂಟರಿ ತೆಗೆಯುತ್ತಿದ್ದಳು. ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿ ಶೂಟ್ ಮಾಡಲು ಬಂದವಳು ಜೀಪು ಹಾಕಿಕೊಂಡು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಪೇಟಿ ಕೇಳಿ ಎದ್ದು ನಿಂತುಬಿಟ್ಟಳು.

"ಶಕ್ಕು! ದಿಸ್ ಈಸ್ ಇಟ್! ಗುಡಿ ತೋರಿಸಿದ್ರ ಸಿತಾರು, ಗುಹಾ ತೋರಿಸಿದ್ರ ಕೊಳಲು… ಕೇಳಿ ಕೇಳಿ ಸಾಕಾಗೇದ. ನನಗ ಐದ ನಿಮಿಷದ್ದೊಂದು ಟೇಪ್ ಮಾಡಿಕೊಡ. ಹಿಡಿಸಿತಂದ್ರ ಮುಂಬಯಿಗೆ ಬಾ, ಸ್ಟುಡಿಯೋದಾಗ ನೀನ ನುಡಸು."

"ಖರೇನ?"

"ಖರೆ. ಆದ್ರ ಶನಿವಾರ ಮುಂಜಾನೆ ನಾವು ಬಾದಾಮಿ ಬಿಡ್ತೇವಿ. ಅಷ್ಟರಾಗ ಕೊಡಬೇಕ ನೋಡು."

ನಮ್ಮವರು "ಹೋಗಿ ಬಾ" ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ಟೇಪ್ ಆಗುವುದಿಲ್ಲ ಎಂಬ ನಂಬಿಕೆಯಿಂದಲೋ ಏನೋ. ಇರಲಿ. ನನಗೆ ಮಾತ್ರ ಗೊತ್ತಿತ್ತು, ಈ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ.

ಆ ವಾರ ನಾನು ಪಟ್ಟ ಪಾಡು! ಹಗಲು ಸೆಕೆಗೆ ಸುರ ನಿಲ್ಲದು. ರಾತ್ರಿ ಹಿಂದಿನ ಓಣಿಯ ಪವರ್‌ಲೂಮುಗಳು ಶುರುವಾದರೆ ನಮ್ಮ ಬಲ್ಬು ಚಿಮಣಿ ದೀಪದಂತಾಗುತ್ತಿತ್ತು. ಚೆಂದದ ಟ್ಯೂನ್ ಅರ್ಧಕ್ಕೆ ಬಂದಾಗ ಸಿಂಥ್ ನರಳಿ ಕೆಳಗಿಳಿಯುತ್ತಿತ್ತು. ಗುರುವಾರ ರಾತ್ರಿ ನಾನು ಕೀಲಿಗಳ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆ ಹಾಳು ಪೇಟಿ ನನ್ನ ಹಣೆಯ ಭಾರಕ್ಕೂ ಅಪಸ್ವರವನ್ನೇ ಹೊರಡಿಸಿತು.

ಆಗ ಹೊಳೆಯಿತು. ಮರುದಿನ ಅಮಾವಾಸ್ಯೆ! ಇಳಕಲ್ಲಿನಲ್ಲಿ ರವಿವಾರಕ್ಕೆ ಬೆಲೆಯಿಲ್ಲ, ನೇಕಾರರ ಸೂಟಿ ಅಮಾವಾಸ್ಯೆಗೆ. ಅಂದು ಊರಿನ ಒಂದು ಮಗ್ಗವೂ ಆಡುವುದಿಲ್ಲ, ಕರೆಂಟಿನದೂ ಇಲ್ಲ, ಕೈಯದೂ ಇಲ್ಲ. ಅಂದರೆ ಪೂರ್ತಿ ವೋಲ್ಟೇಜ್!

ಬೆಳಿಗ್ಗೆ ಅತ್ತೆಗೆ ಹೇಳಿದಾಗ ಅವರು ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಿದರು.

"ಬ್ಯಾಡವಾ. ಅಮಾಸಿ ದಿನ ಮಗ್ಗದ ಕೋಣ್ಯಾಗ ಸಪ್ಪಳ ಮಾಡಬಾರದು."

"ಅತ್ತಿ, ಇದು ಮಗ್ಗ ಅಲ್ರಿ. ಮ್ಯೂಸಿಕ್ರಿ."

"ಸಪ್ಪಳಕ್ಕ ಹೆಸರ ಯಾವದಾದ್ರೇನ?"

ನಾನ್ಸೆನ್ಸ್ ಎಂದುಕೊಂಡು ಕೋಣೆಗೆ ಹೋದೆ.

ಶುಕ್ರವಾರ ರಾತ್ರಿ ಊಟ ಮುಗಿದು ಎಲ್ಲರೂ ಮಲಗಿದರು. ಊರು ಎಷ್ಟು ಮೌನವಾಗಿತ್ತೆಂದರೆ ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆ ಪಕ್ಕದಲ್ಲೇ ಕೇಳುತ್ತಿತ್ತು. ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಪೇಟಿಯಿಂದ ವಾಯರನ್ನು ನೇರವಾಗಿ ಟೇಪ್‌ರೆಕಾರ್ಡರಿಗೆ ಚುಚ್ಚಿದೆ. ಮೈಕ್ ಇರಲೇ ಇಲ್ಲ. ಕೋಣೆಯಲ್ಲಿ ಸಿಡಿಲು ಬಡಿದರೂ ಟೇಪಿಗೆ ಬರುವಂತಿರಲಿಲ್ಲ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ಹಾಕಿಕೊಂಡು ನುಡಿಸಿದೆ.

ಷಡ್ಜ ಅಲುಗಲಿಲ್ಲ. ಎಂಥ ಸುಖ! ಮದುವೆಯಾದಂದಿನಿಂದ ನಾನು ಹಾಗೆ ನುಡಿಸಿರಲಿಲ್ಲ. ಗುಹೆಯೊಳಗೆ ಕತ್ತಲು ಉಸಿರಾಡಿದ ಹಾಗಿತ್ತು ಆ ಟ್ಯೂನ್…

ಅರ್ಧ ದಾಟಿರಬೇಕು.

ಧಪ್.

ಹೆಡ್‌ಫೋನಿನಲ್ಲಿ. ತುಂಬ ಕೆಳಗೆ, ಹಿಟ್ಟಿನ ಚೀಲ ನೆಲಕ್ಕೆ ಬಿದ್ದ ಹಾಗೆ.

ಧಪ್… ಧಪ್… ಮತ್ತೆ ಒಂದು ಸಣ್ಣ ತಡವರಿಕೆ… ಧಪ್.

ನಡುನಡುವೆ ಝರ್ ಎಂದು ಏನೋ ಅಡ್ಡ ಓಡುತ್ತಿತ್ತು. ಇಳಕಲ್ಲಿನಲ್ಲಿ ಸಂಸಾರ ಮಾಡಿದವರಿಗೆ ಅದು ಏನೆಂದು ಕೇಳಬೇಕಾಗಿಲ್ಲ. ಲಾಳಿ. ಕೈಮಗ್ಗ.

ಹೆಡ್‌ಫೋನ್ ತೆಗೆದೆ. ಕೋಣೆಯಲ್ಲಿ ಹಲ್ಲಿಯೂ ಸುಮ್ಮನಾಗಿತ್ತು. ಹಾಕಿಕೊಂಡೆ. ಧಪ್… ಧಪ್… … ಧಪ್.

ದೇವರಾಣೆ, ಮೊದಲು ಬಂದದ್ದು ಭಯವಲ್ಲ, ಸಿಟ್ಟು! ಸೆಕೆ ಆಯಿತು, ವೋಲ್ಟೇಜ್ ಆಯಿತು, ಈಗ ಇದು! ಟ್ಯೂನ್ ಹೇಗೋ ಮುಗಿಸಿದೆ. ಟೇಪ್ ಓಡುತ್ತಲೇ ಇತ್ತು, ನಿಲ್ಲಿಸುವ ಪ್ರಜ್ಞೆಯೂ ಇರಲಿಲ್ಲ. ಗುಂಡಿಗಳನ್ನೆಲ್ಲ ಸೊನ್ನೆಗೆ ತಿರುಗಿಸಿದೆ. ಹೋಗಲಿಲ್ಲ. ಗಾಳಿಯ ದನಿ ಕೊಡುವ ವಾಯರು ಕಿತ್ತೆ. ಹೋಗಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡೆ. ಟೇಪ್‌ರೆಕಾರ್ಡರಿಗೆ ಹೋದ ಒಂದು ವಾಯರು ಬಿಟ್ಟು ಆ ಯಂತ್ರದಲ್ಲಿ ಏನೂ ಚುಚ್ಚಿರಲಿಲ್ಲ. ಅದು ಮೂಗಪ್ಪ ಆಗಬೇಕಿತ್ತು.

ಧಪ್… ಧಪ್… … ಧಪ್.

ಆಗ ವಾಸನೆ ಬಂತು. ಟ್ರಾನ್ಸ್‌ಫಾರ್ಮರಿನ ಸುಟ್ಟ ವಾಸನೆ ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಹುಳಿ ಹುಳಿ, ಹಸಿ ಹಸಿ… ನೂಲಿಗೆ ಹಚ್ಚುವ ಗಂಜಿಯ ವಾಸನೆ. ನನ್ನ ಕಾಲಡಿಯಿಂದ ಬರುತ್ತಿತ್ತು. ಪಾದಕ್ಕೆ ಪರಸಿ ಕಲ್ಲು ಒಳಗಿನಿಂದ ಯಾರೋ ಮೆಟ್ಟಿದ ಹಾಗೆ ಸಣ್ಣಗೆ ನಡುಗಿದಂತಾಯಿತು. ಕಾಲು ಮೇಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡೆ. ಏಳಲು ಆಗಲಿಲ್ಲ. ಎದ್ದರೆ ಆ ಕಲ್ಲಿನ ಮೇಲೆಯೇ ಕಾಲಿಡಬೇಕಲ್ಲ…

ಬಾಗಿಲು ಕಿರುಗುಟ್ಟಿತು. ಅತ್ತೆ. ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತಿದ್ದರು. ನನ್ನ ಕಡೆ ನೋಡಲೇ ಇಲ್ಲ. ಮೇಜಿನ ಕೆಳಗೆ, ಆ ಕಲ್ಲಿನ ಕಡೆ ನೋಡಿ, ಕೆಲಸದವನನ್ನು ಗದರುವ ದನಿಯಲ್ಲಿ ಹೇಳಿದರು:

"ಸಾಕ ಬಿಡೋ. ಇವತ್ತ ಅಮಾಸಿ ಐತಿ. ಏಳ, ಮನೀಗಿ ಹೋಗು."

ನನ್ನ ಕಿವಿಯಲ್ಲಿ ಮಗ್ಗ ನಿಂತಿತು. ಲಾಳಿ ಅರ್ಧಕ್ಕೆ ಓಡಿ ನಿಂತ ಹಾಗೆ, ಝ… ಎಂದು.

ಅತ್ತೆ ಬಾಗಿಲು ಎಳೆದುಕೊಂಡು ಹೋದರು.

ಆಮೇಲೆ ಹೊಳೆಯಿತು. ಸದ್ದು ಇದ್ದದ್ದು ಹೆಡ್‌ಫೋನಿನೊಳಗೆ ಮಾತ್ರ. ಅದು ನನ್ನ ಕಿವಿಯ ಮೇಲಿತ್ತು. ಹಾಗಾದರೆ ಅತ್ತೆ ಕೇಳಿದ್ದು ಏನನ್ನು?

ಇನ್ನೊಮ್ಮೆ ನುಡಿಸೋಣವೆಂದರೆ ಕಿತ್ತದ್ದೆಲ್ಲ ಮಡಿಲಲ್ಲೇ ಇತ್ತು. ವಾಯರು ಯಾವುದು ಎಲ್ಲಿ ಎಂಬುದೂ ಮರೆತುಹೋಗಿತ್ತು. ಬೆಳಗಾಯಿತು. ನನ್ನ ಬಳಿ ಇದ್ದದ್ದು ಆ ಒಂದೇ ಟೇಪು.

ಚಹಾ ಕೊಡುವಾಗ ಕೇಳಿದೆ. "ಅತ್ತಿ, ರಾತ್ರಿ ಕೋಣಿಗೆ ಬಂದಿದ್ರೆಲ್ಲಾ, ಯಾರನ್ನ ಬೈದ್ರಿ?"

"ನಾ ಎಲ್ಲಿ ಬಂದೆ? ಮಲಗಿದಾಕಿ ಮುಂಜಾನೆ ಎದ್ದೇನಿ. ನಿನಗ ನಿದ್ದಿ ಇಲ್ಲ, ಅದಕ್ಕ ಹಂಗ ಅನಸತೈತಿ. ಬಸ್ ತಪ್ಪತೈತಿ ನೋಡು."

ಹುನಗುಂದ, ಅಮೀನಗಡ ದಾಟಿ ಬಾದಾಮಿ ಮುಟ್ಟುವವರೆಗೂ ಕ್ಯಾಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕಿಟಕಿಯಿಂದ ಎಸೆದುಬಿಡಬೇಕು ಎನಿಸುತ್ತಿತ್ತು. ಆದರೆ ಅದರಲ್ಲಿ ನನ್ನ ಟ್ಯೂನ್ ಇತ್ತಲ್ಲ! ಅಷ್ಟು ಚೆನ್ನಾಗಿ ಮತ್ತೆಂದೂ ಬರದ ಟ್ಯೂನ್.

ಲಾಡ್ಜಿನ ಮುಂದೆ ಜೀಪಿಗೆ ಸಾಮಾನು ಏರಿಸುತ್ತಿದ್ದರು. ರೋಜಿ ಬಾನೆಟ್ಟಿಗೆ ಒರಗಿ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಟ್ಯೂನ್ ಮುಗಿಯುವ ಹೊತ್ತು ದಾಟಿತು. ಅವಳು ತೆಗೆಯಲಿಲ್ಲ. ಅವಳ ಬೆರಳು ಬಾನೆಟ್ಟಿನ ಮೇಲೆ ತಾಳ ಹಾಕತೊಡಗಿತು. ಎರಡು ಪೆಟ್ಟು, ತಡವರಿಕೆ, ಒಂದು ಪೆಟ್ಟು…

"ಶಕ್ಕು! ವಾಟ್ ಎ ರಿದಮ್! ಯಾರಿಂವ ನೇಕಾರ?"

"ಯಾರೂ ಅಲ್ಲ, ರೋಜಿ."

"ಯಾರೂ ಅಲ್ಲ ಅಂದ್ರ? ಕಾಲು ಸ್ವಲ್ಪ ಕುಂಟ ಇರಬೇಕ ಅವಂದು. ಬ್ಯೂಟಿಫುಲ್!"

"ನನ್ನ ಟ್ಯೂನ್?"

ಅವಳು ನನ್ನ ಕೈ ಹಿಡಿದುಕೊಂಡಳು. ಆಗಲೇ ನನಗೆ ತಿಳಿಯಿತು.

"ಟ್ಯೂನ್ ಈಸ್ ನೈಸ್, ಡಿಯರ್. ಭಾಳ ಛಲೋ ಅದ. ಆದ್ರ ಕಡೀಕ ಬರೇ ಮಗ್ಗ ಅದ ಅಲ್ಲಾ… ನನಗ ಬೇಕಾದ್ದು ಅದ ನೋಡು."

ಎಲ್ಲ ವಾಯರು ಕಿತ್ತ ಮೇಲೆ ಓಡಿದ ಟೇಪು ಅದು. ಇರಲೇಬಾರದಿದ್ದ ಟೇಪು.

ಹೇಳಬೇಕಿತ್ತು. ಹೇಳಿದರೆ ನಂಬುತ್ತಿದ್ದಳೇ? ಜೀಪು ಧೂಳೆಬ್ಬಿಸಿ ಹೋಯಿತು. ಮುಂಬಯಿಗೆ ನಾನು ಹೋಗಲಿಲ್ಲ. ಅವನು ಹೋದ, ಯಾರೋ ಅವನು.

ಮರುವರ್ಷ ಬಾಗಲಕೋಟೆಯ ಒಂದು ಸಭಾಂಗಣದಲ್ಲಿ ಆ ಡಾಕ್ಯುಮೆಂಟರಿ ತೋರಿಸಿದರು. "ಸೊಸಿ ಪೇಟಿ ಸಿನಿಮಾದಾಗ ಬಂದೈತಿ" ಎಂದು ಅತ್ತೆಯೂ ಹಟ ಹಿಡಿದು ಬಂದರು. ಅದರಲ್ಲಿ ನನ್ನ ಟ್ಯೂನ್ ಇಲ್ಲ ಎಂಬ ನಿಜ ಹೇಳಲು ನನಗೆ ನಾಚಿಕೆಯಾಗಿತ್ತು.

ಪರದೆಯ ಮೇಲೆ ಬಾದಾಮಿಯ ಕೆಂಪು ಬಂಡೆ, ಗುಹೆಯ ಕತ್ತಲು, ಕಂಬದ ಮೇಲೆ ಜಾರುವ ಬೆಳಕು. ಕೆಳಗಿನಿಂದ ಧಪ್… ಧಪ್… … ಧಪ್. ಸಭೆ ಉಸಿರು ಹಿಡಿದು ಕೂತಿತ್ತು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಂಥದ್ದರಲ್ಲೂ ಒಪ್ಪಿಕೊಳ್ಳಲೇಬೇಕಾಯಿತು, ಆ ಕಲ್ಲುಗಳಿಗೆ ಅದು ನನ್ನ ಟ್ಯೂನಿಗಿಂತ ಚೆನ್ನಾಗಿ ಒಪ್ಪಿತ್ತು.

ಕೊನೆಗೆ ಲಾಳಿ ಅರ್ಧಕ್ಕೆ ನಿಂತಿತು. ಪರದೆ ಕಪ್ಪಾಯಿತು.

ಕತ್ತಲಲ್ಲಿ ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು, ತುಂಬ ಮೆಲ್ಲಗೆ:

"ಪಾಪ… ಸೀರಿ ನೇಯ್ದು ಕಡೀಕ ಸೆರಗಿಗೆ ಬಂದಿದ್ದ. ನಾ ಬೈಬಾರದಿತ್ತು."

"ಯಾರ್ರಿ ಅತ್ತಿ? ಯಾರು?"

ದೀಪ ಹತ್ತಿದವು. ಅತ್ತೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಯಾರ ಏನಂದ್ರವಾ? ಏಳ, ಬಸ್ ತಪ್ಪೀತು."

ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಕೇಳುವುದನ್ನು ಬಿಟ್ಟೆ. ಈಗ ಕೇಳಲು ಅವರೂ ಇಲ್ಲ. ಪೇಟಿಯ ವಿಷಯವೋ… ಆ ಅಮಾವಾಸ್ಯೆಯ ನಂತರ ಅದು ಒಮ್ಮೆಯೂ ಸುರ ತಪ್ಪಲಿಲ್ಲ. ಬಿಸಿಲಿರಲಿ, ವೋಲ್ಟೇಜ್ ಬೀಳಲಿ, ಷಡ್ಜ ಎಂದರೆ ಷಡ್ಜ. ಈಗ ಯಾರಿಗೆ ಬೇಕಿತ್ತು! ಬಟ್ಟೆ ಮುಚ್ಚಿ ಅಟ್ಟಕ್ಕೆ ಏರಿಸಿದೆ.

ನನ್ನ ಟ್ಯೂನ್ ನನಗೇ ಮರೆತುಹೋಗಿದೆ. ಎಷ್ಟು ಗುನುಗಿದರೂ ಮೊದಲ ಸಾಲು ದಾಟುವುದಿಲ್ಲ. ಆದರೆ ರೊಟ್ಟಿ ಬಡಿಯಲು ಕೂತಾಗ, ಮೈಮರೆತರೆ, ನನ್ನ ಕೈ ತಾನಾಗಿಯೇ ಆ ಲಯ ಹಿಡಿಯುತ್ತದೆ. ಎರಡು ಪೆಟ್ಟು, ಒಂದು ತಡವರಿಕೆ, ಇನ್ನೊಂದು ಪೆಟ್ಟು. ತಡೆಯಲು ನೋಡಿದ್ದೇನೆ. ರೊಟ್ಟಿ ಹರಿಯುತ್ತದೆ, ಲಯ ಬಿಡುವುದಿಲ್ಲ.

ಅದಕ್ಕೇ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ. ಅಂದು ಅನ್ನ ಮಾತ್ರ. ಅದು ನನ್ನ ಯಾವುದೋ ವ್ರತ ಎಂದುಕೊಂಡಿದ್ದಾಳೆ ಸೊಸೆ.

ನಾನೂ ಹೂಂ ಎಂದಿದ್ದೇನೆ.