ಡೆನ್ ಹೆಲ್ಡರ್‌ಗೆ ಹೋಗಿ ಬಂದೆ ಅಂದಿದ್ದು

ಏನನ್ನು ನೋಡಬೇಕಾದರೂ ಅವರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತ ಪೆಥಾಲಜಿಸ್ಟ್ ಅವರು. ರಿಟೈರ್ ಆಗಿ ಎಷ್ಟೋ ಕಾಲವಾದರೂ ಅಭ್ಯಾಸ ಬಿಟ್ಟಿರಲಿಲ್ಲ. ಇಂಡಿಯನ್ ಸ್ಟೋರಿನ ಬದನೆಕಾಯಿ, ಕಾರಿಗೆ ಬಿದ್ದ ಗೀರು, ಎದುರಿಗೆ ನಿಂತ ಮನುಷ್ಯ, ಎಲ್ಲಕ್ಕೂ ಅದೇ ನೋಟ. ಎರಡು ಸಾವಿರದ ಇಪ್ಪತ್ತರಲ್ಲಿ ನಾನು, ನನ್ನ ಗಂಡ ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಈ ಟೌನ್‌ಹೌಸಿಗೆ ಬಂದ ದಿನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಎಪ್ಪತ್ತೈದು ವರ್ಷದ ಹಿರಿಯರೊಬ್ಬರು ನನಗೆ ಕಣ್ಣು ಹೊಡೆಯುತ್ತಿದ್ದಾರೆ! ಕೈಯಲ್ಲಿ ಉಪ್ಪಿಟ್ಟಿನ ಡಬ್ಬ ಇಲ್ಲದೆ ಹೋಗಿದ್ದರೆ ಬಾಗಿಲು ಹಾಕಿಕೊಂಡುಬಿಡುತ್ತಿದ್ದೆ.

ನಮ್ಮ ಬೀದಿಯ ಕನ್ನಡದವರೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದೆವು. ಮೈಸೂರಿನವರು, ನಾವೆಲ್ಲ ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ನಮ್ಮ ಪಕ್ಕಕ್ಕೆ ಬಂದಿದ್ದರು. ಒಬ್ಬಳೇ ಮಗಳು, ಅಟ್ಲಾಂಟಾದಲ್ಲಿ ಡಾಕ್ಟರ್. ಅಂಕಲ್‌ಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ, ಗೊತ್ತಿಲ್ಲದ್ದನ್ನು ಗೊತ್ತು ಅಂದರೆ. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಪ್ಪ, ನಾಲಿಗೆ ಏನು ಸವೆದುಹೋಗಲ್ಲ" ಎಂದು ನನ್ನ ಗಂಡನಿಗೆ ಎಷ್ಟು ಸಲ ಬೈದಿದ್ದಾರೋ.

ಇನ್ನೊಂದು ಹುಚ್ಚಿತ್ತು. ಬೆಂಗಳೂರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಿಸಿ ಹೋಗುವವರು ಯಾರಾದರೂ ಸಿಕ್ಕರೆ ಸಾಕು, "ಲೇಓವರ್ ಎಷ್ಟು ಹೊತ್ತು?" ಎಂಟು ಗಂಟೆಗಿಂತ ಹೆಚ್ಚು ಅಂದಿರೋ, ಕೆಟ್ಟಿರಿ. ಒಳಗೆ ಹೋಗಿ ಒಂದು ಟೈಪ್ ಮಾಡಿದ ಹಾಳೆ ತಂದು ಕೈಗಿಡುತ್ತಿದ್ದರು. ಡೆನ್ ಹೆಲ್ಡರ್ ಅನ್ನುವ ಊರು. ಹಾಲೆಂಡಿನ ಉತ್ತರದ ತುದಿ, ಅವರ ನೌಕಾಪಡೆಯ ಬಂದರು, ಒಂದೂಕಾಲು ಗಂಟೆ ರೈಲು. ಒಂದನೆಯದು ನೌಕಾಪಡೆಯ ಮ್ಯೂಸಿಯಂ: ನೆಲದ ಮೇಲೆ ತಂದಿಟ್ಟ ಸಬ್‌ಮರೀನ್ ಒಳಗೆ ಈ ತುದಿಯಿಂದ ಆ ತುದಿವರೆಗೆ ನಡೆಯಬಹುದು. ಎರಡು, ಹಳೇ ಹಡಗುಕಟ್ಟೆ. ಮೂರು, ಸಮುದ್ರದಂಡೆಯ ಕೋಟೆ. ಅದರ ಅಡಿಯಲ್ಲಿ ಗಾಜಿನ ಸುರಂಗ, ತಲೆಯ ಮೇಲೆ ಮೀನು ಓಡಾಡುತ್ತವೆ. ನಾಲ್ಕು, ಕೆಂಪು ಕಬ್ಬಿಣದ ಲೈಟ್‌ಹೌಸ್. ಐದು, ಇಪ್ಪತ್ತು ನಿಮಿಷದ ಫೆರಿಯಲ್ಲಿ ಎದುರಿನ ದ್ವೀಪ. ಕುರಿ, ಸೀಲ್ ಪ್ರಾಣಿ. ಪ್ರತಿಯೊಂದರ ಎದುರಿಗೂ ನಿಮಿಷದ ಲೆಕ್ಕ. ಆರನೆಯ, ಕೊನೆಯ ಸಾಲು ಮಾತ್ರ ಕೈಬರಹ: "ಊರಿನ ಸಮಾಧಿ ಸ್ಥಳ, ಹಿಂದಿನ ಸಾಲು," ಯಾರದೋ ಒಂದು ಹೆಸರು, "ಒಂದು ಹೂವು."

ಜನ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು. ವಾಪಸ್ ಬಂದು "ಹೋಗಿದ್ವಿ ಅಂಕಲ್, ಸೂಪರ್" ಅನ್ನುತ್ತಿದ್ದರು. ಒಂದು ಸಂಸಾರ ನಿಜವಾಗಿಯೂ ಹೋಗಿತ್ತು, ಸಬ್‌ಮರೀನ್ ಫೋಟೋ ಸಮೇತ. ಆರನೆಯದು ಏನಾಯಿತು ಎಂದು ಕೇಳಿದರೆ, ಮಕ್ಕಳಿಗೆ ಹಸಿವಾಯಿತು ಅಂಕಲ್ ಎಂದರು. ಹೌದು ಮತ್ತೆ, ವೆಕೇಶನ್ ಹೋದವರು ಯಾರು ಸಮಾಧಿ ಹುಡುಕಿಕೊಂಡು ಅಲೆಯುತ್ತಾರೆ?

ಇಪ್ಪತ್ತೊಂದರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನನ್ನ ಅಮ್ಮ ಹೋದಳು. ಆಸ್ಪತ್ರೆ ಸೇರಿ ಆರನೇ ದಿನ. ನನ್ನ ಅಮೆರಿಕ ವೀಸಾದ ಅವಧಿ ಮುಗಿದಿತ್ತು, ಹೊಸದು ಹಾಕಿಸಲು ಅಲ್ಲಿ ಅಮೆರಿಕದ ಕಾನ್ಸುಲೇಟ್ ಮುಚ್ಚಿತ್ತು. ಹೋದರೆ ತಿರುಗಿ ಬರುವ ದಾರಿ ಇರಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿದೆ. ಮರುದಿನ ಒಂಬತ್ತಕ್ಕೆ ಮೀಟಿಂಗ್ ಇತ್ತು, ಅದನ್ನೂ ಅಟೆಂಡ್ ಮಾಡಿದೆ. ಅಳು ಬರಲಿಲ್ಲ. ಹೊಟ್ಟೆಗೆ ಹಾಕಿದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. ಫೋನ್ ಮಾಡಿದವರೆಲ್ಲ "ಅತ್ತುಬಿಡಮ್ಮ, ಹಗುರಾಗತ್ತೆ" ಅಂದರು. ಅಂಕಲ್ ಮಾತ್ರ ದಿನಾ ಸಾಯಂಕಾಲ ಮಾಸ್ಕ್ ಹಾಕಿಕೊಂಡು ಬಂದು ಹಿತ್ತಲಿನ ಮರದ ಡೆಕ್ಕಿನ ಮೇಲೆ ಆರಡಿ ದೂರ ಕುರ್ಚಿ ಹಾಕಿ ಕೂತು ಹೋಗುತ್ತಿದ್ದರು.

"ನನಗೆ ಅಳೂನೇ ಬರ್ತಿಲ್ಲ ಅಂಕಲ್" ಅಂದೆ ಒಂದು ದಿನ.

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ. ಅದಕ್ಕೂ ಏನು ಡೆಡ್‌ಲೈನ್ ಇದೆಯಾ?"

ಅವತ್ತೇ ಅವರು ಆರನೆಯ ಸಾಲಿನ ವಿಷಯ ಹೇಳಿದ್ದು. ಅಮೆರಿಕಕ್ಕೆ ಬರುವ ಮೊದಲು ಒಂದು ವರ್ಷ ಸರಕು ಹಡಗಿನಲ್ಲಿ ಡಾಕ್ಟರಾಗಿದ್ದರಂತೆ. ಹಡಗಿನ ಅಡುಗೆಯವ ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗ, ಇಪ್ಪತ್ತಾರು ವರ್ಷ. ಮೀನು ಮುಟ್ಟದ ಈ ಮೈಸೂರು ಡಾಕ್ಟರಿಗೆಂದೇ ಬೇರೆ ಪಾತ್ರೆಯಲ್ಲಿ ಸಾರು ಮಾಡಿ ಕೊಡುತ್ತಿದ್ದನಂತೆ. ಅವನಿಗೆ ಹೊಟ್ಟೆನೋವು ಬಂತು. ಇವರು ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಎರಡನೇ ದಿನ ಕ್ಯಾಪ್ಟನ್ ಬಂದು, ಹತ್ತಿರದ ಬಂದರಿಗೆ ತಿರುಗಿಸಲಾ ಎಂದು ಕೇಳಿದ. ಇವರು ಬೇಡ ಅಂದರು.

"ನಂಗೆ ಡೌಟ್ ಇತ್ತು ಕಣಮ್ಮ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಅಷ್ಟೇ."

ಅಪೆಂಡಿಕ್ಸ್ ಒಡೆದಿತ್ತು. ಮೂರನೇ ದಿನ ಡೆನ್ ಹೆಲ್ಡರ್‌ನ ಆಸ್ಪತ್ರೆಗೆ ಸೇರಿಸಿದರು, ಅದೇ ಸಂಜೆ ಹುಡುಗ ಹೋದ. ಅಲ್ಲೇ ಮಣ್ಣು ಮಾಡಿದರು. ಅಮೆರಿಕಕ್ಕೆ ಬಂದ ಮೇಲೆ ಇವರು ಪೆಥಾಲಜಿ ಹಿಡಿದರು. "ಜೀವ ಇರೋ ರೋಗಿ ಬೇಡ, ಗಾಜಿನ ಸ್ಲೈಡ್ ಸಾಕು ಅನ್ನಿಸ್ತು" ಅಂದರು. ಆಮೇಲೆ ಐವತ್ತು ವರ್ಷ, ಆ ಊರಿಗೆ ಹೋಗುವ ಧೈರ್ಯ ಬಂದಿರಲಿಲ್ಲ. ಹಾಳೆಯ ಮೊದಲ ಐದು ಸಾಲು ಬರೀ ಆಸೆ ತೋರಿಸಲು. ಅವರು ಬೇಡುತ್ತಿದ್ದದ್ದು ಇಷ್ಟೇ, ಯಾರಾದರೂ ಹೋಗಿ ಆ ಹುಡುಗನ ಸಮಾಧಿ ಇದೆ ಎಂದು ನೋಡಿ ಬರಲಿ.

ಮರುವರ್ಷ, ಕಾನ್ಸುಲೇಟ್ ತೆರೆದ ಮೇಲೆ, ಅಮ್ಮನ ವರ್ಷಾಬ್ದಿಕಕ್ಕೆ ಹೊರಟೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂಬತ್ತು ಗಂಟೆ. ಅಂಕಲ್ ಹಾಳೆ ಕೊಟ್ಟರು. "ಬೇರೆ ಐದು ಬಿಟ್ರೂ ಪರವಾಗಿಲ್ಲಮ್ಮ" ಅಂದರು.

ಅವರು ಒಂದು ವಿಷಯ ಮರೆತೇಬಿಟ್ಟಿದ್ದರು. ಅವರದು ಎಷ್ಟೋ ವರ್ಷದಿಂದ ನೀಲಿ ಅಮೆರಿಕನ್ ಪಾಸ್‌ಪೋರ್ಟ್. ನಮ್ಮದು ಇಂಡಿಯನ್ ಪಾಸ್‌ಪೋರ್ಟು. ಏರ್‌ಪೋರ್ಟಿನ ಬಾಗಿಲು ದಾಟಿ ಹಾಲೆಂಡಿನ ನೆಲಕ್ಕೆ ಕಾಲಿಡಬೇಕಾದರೆ ನಮಗೆ ಯುರೋಪಿನ ವೀಸಾ ಬೇರೆ ಬೇಕು. ಹಾಳೆ ಇಸಿದುಕೊಂಡ ಅರ್ಧ ಜನ ಹೋಗದಿದ್ದದ್ದು ಅದಕ್ಕೇ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿರಿಯರು ಇಷ್ಟು ಆಸೆಯಿಂದ ಕೊಡುತ್ತಾರೆ, "ಅಂಕಲ್, ನಮ್ಮನ್ನ ಹೊರಗೇ ಬಿಡಲ್ಲ" ಅಂದರೆ ಅವರಿಗೂ ಕಸಿವಿಸಿ, ನಮಗೂ ಅವಮಾನ. ನಾನೂ ಹೇಳಲಿಲ್ಲ. ಒಂಬತ್ತು ಗಂಟೆ ಗೇಟಿನ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಫೋನಿನಲ್ಲಿ ಆ ಕೋಟೆ, ಆ ಲೈಟ್‌ಹೌಸ್ ಎಲ್ಲ ನೋಡಿದೆ. ಏನೂ ಅನ್ನಿಸಲಿಲ್ಲ. ಬೆಂಗಳೂರಿನಲ್ಲಿ ಪಿಂಡ ಇಡುವುದನ್ನು ನೋಡುವಾಗಲೂ ಹಾಗೇ ಇದ್ದೆ.

ತಿರುಗಿ ಬಂದ ಮೇಲೆ ಅಂಕಲ್ ತಮ್ಮ ಅಡುಗೆಮನೆಯಲ್ಲಿ ಕಾಫಿ ಕೊಟ್ಟು ಎದುರಿಗೆ ಕೂತರು. ಸಬ್‌ಮರೀನ್ ಕೇಳಲಿಲ್ಲ, ಕೋಟೆ ಕೇಳಲಿಲ್ಲ. "ಹೋಗಿದ್ಯಾ?" ಅಂದರು.

"ಹೂಂ ಅಂಕಲ್. ಕಲ್ಲು ಚೆನ್ನಾಗೇ ಇದೆ, ಹೆಸರು ಓದಕ್ಕಾಗತ್ತೆ. ಹಳದಿ ಹೂ ಇಟ್ಟು ಬಂದೆ."

ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಮಾತು! ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕೂ ಇರಲಿಲ್ಲ. ಅಂಕಲ್ ಕನ್ನಡಕ ತೆಗೆದು ಎರಡೂ ಕಣ್ಣು ಒರೆಸಿಕೊಂಡರು. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ" ಅಂದರು. ಅವತ್ತಿನಿಂದ ಅವರು ಬೇರೆಯೇ ಮನುಷ್ಯರಾದರು. ಯುಗಾದಿಯ ಪಾಟ್‌ಲಕ್ ಊಟದಲ್ಲಿ ಹಾಡು ಹೇಳಿದರು. ಯಾರಿಗೂ ಹಾಳೆ ಕೊಡುವುದನ್ನು ನಿಲ್ಲಿಸಿದರು. ಸುಳ್ಳಾದರೂ ಒಳ್ಳೆಯದೇ ಆಯಿತಲ್ಲ ಎಂದು ನಾನು ಸುಮ್ಮನಾದೆ.

ಇಪ್ಪತ್ತಮೂರರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಂದು, ಟಿಕೆಟ್ ಮಾಡಿಸಿದ್ದೇನೆ ಅಂದರು. "ನೀನು ನೋಡಿ ಬಂದ್ಮೇಲೆ ನಂಗೆ ಧೈರ್ಯ ಬಂತಮ್ಮ. ಕಾಲಲ್ಲಿ ಶಕ್ತಿ ಇರೋವಾಗ ಒಂದ್ಸಲ ಹೋಗಿ ಅವನ್ನ ಸಾರಿ ಕೇಳ್ಕೊಂಡ್ಬರ್ತೀನಿ."

ಏರ್‌ಪೋರ್ಟಿಗೆ ಡ್ರೈವ್ ಮಾಡಿದ್ದು ನಾನೇ. ಮುಕ್ಕಾಲು ಗಂಟೆಯ ದಾರಿ. ಹೇಳಿಬಿಡಬೇಕು, ಈ ಸಿಗ್ನಲ್ ದಾಟಿದ ಮೇಲೆ, ಟೋಲ್ ರೋಡ್ ಬಿಟ್ಟ ಮೇಲೆ ಅಂದುಕೊಳ್ಳುತ್ತಲೇ ಹೋದೆ. ಡಿಪಾರ್ಚರ್ಸ್ ಬಂದೇಬಿಟ್ಟಿತು. ಹ್ಯಾಪಿ ಜರ್ನಿ ಅಂಕಲ್ ಅಂದೆ. ಆ ವಾರವೆಲ್ಲ ಫೋನ್ ಸದ್ದಾದಾಗಲೆಲ್ಲ ಅಂಕಲ್ ಇರಬೇಕು ಎಂದು ಬೆಚ್ಚುತ್ತಿದ್ದೆ. ಎರಡು ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು, ಅದೂ ಬರೀ ಭಯ.

ಕರೆತರಲು ಹೋದಾಗ ಅವರು ಸೀಟ್‌ಬೆಲ್ಟ್ ಹಾಕಿಕೊಂಡು, ಮುಂದಿನ ರಸ್ತೆ ನೋಡುತ್ತಾ ಹೇಳಿದರು: "ನೀನು ಹೇಳಿದ ಹಾಗೇ ಇದೆ ಕಣಮ್ಮ. ಕಲ್ಲು ಚೆನ್ನಾಗಿದೆ."

ನನ್ನ ಸುಳ್ಳೇ ನಿಜವಾಗಿಬಿಟ್ಟಿತಲ್ಲ! ಬದುಕಿದೆಯಾ ಬಡಜೀವವೇ ಅಂದುಕೊಂಡೆ. ದಾರಿಯುದ್ದಕ್ಕೂ ಅವರು ಸಬ್‌ಮರೀನಿನೊಳಗೆ ಹಣೆ ತಾಗಿಸಿಕೊಂಡದ್ದನ್ನೂ, ಗಾಜಿನ ಸುರಂಗದಲ್ಲಿ ತಮ್ಮನ್ನೇ ದಿಟ್ಟಿಸಿದ ಮೀನನ್ನೂ, ಫೆರಿಯ ಗಾಳಿಗೆ ಟೋಪಿ ಹಾರಿಹೋದದ್ದನ್ನೂ ಹೇಳುತ್ತಾ ನಗಿಸಿದರು. ಆಮೇಲೆ ಡೆನ್ ಹೆಲ್ಡರ್ ಮಾತು ಎತ್ತಲಿಲ್ಲ.

ಕಳೆದ ವರ್ಷವಲ್ಲ, ಅದರ ಹಿಂದಿನ ವರ್ಷ, ಮರದ ಎಲೆ ಕೆಂಪಾಗುವ ಕಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ವಾಕಿಂಗಿಗೆ ಬರಲಿಲ್ಲವೆಂದು ನನ್ನ ಗಂಡನೇ ಹೋಗಿ ನೋಡಿದ್ದು. ಅಟ್ಲಾಂಟಾದಿಂದ ಮಗಳು ಬಂದರು. ಎಲ್ಲ ಮುಗಿದು ಮನೆ ಖಾಲಿ ಮಾಡುವ ದಿನ ನಾನು ಸಹಾಯಕ್ಕೆ ಹೋದೆ. ಅಡುಗೆಮನೆಯ ಪಾತ್ರೆ ಕಟ್ಟುತ್ತಾ ಇರುವಾಗ ಇದ್ದಕ್ಕಿದ್ದಂತೆ ನನ್ನ ಬಾಯಿಂದ ಹೊರಬಿತ್ತು.

"ಅಕ್ಕ, ನಾನು ಡೆನ್ ಹೆಲ್ಡರ್‌ಗೆ ಹೋಗೇ ಇರ್ಲಿಲ್ಲ. ಅಂಕಲ್‌ಗೆ ಸುಳ್ಳು ಹೇಳಿದ್ದೆ."

ಅವರು ನ್ಯೂಸ್‌ಪೇಪರ್ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ. "ಐ ನೋ. ಡ್ಯಾಡ್ ಹೇಳಿದ್ರು."

"ಏನಂತ?"

ಇಲ್ಲೇ ಹುಟ್ಟಿ ಬೆಳೆದವರು, ತಡೆದು ತಡೆದು ಕನ್ನಡದಲ್ಲಿ ಹೇಳಿದರು. ಆ ದೇಶದಲ್ಲಿ ಸಮಾಧಿಯ ಜಾಗ ಇಷ್ಟು ವರ್ಷಕ್ಕೆ ಅಂತ ಕೊಡುತ್ತಾರಂತೆ. ಗಡುವು ಮುಗಿದು ಮನೆಯವರು ಯಾರೂ ಕೇಳಿಕೊಂಡು ಬರದಿದ್ದರೆ ತೆಗೆದು ಬೇರೆಯವರಿಗೆ ಕೊಡುತ್ತಾರೆ. ಅಡುಗೆಯವನ ಸಮಾಧಿ ತೆಗೆದು ಮೂವತ್ತು ವರ್ಷವೇ ಆಗಿತ್ತು. ಆ ಜಾಗದಲ್ಲಿ ಈಗ ಯಾರೋ ಡಚ್ ಅಜ್ಜಿಯ ಕಲ್ಲಿತ್ತು. ಅಂಕಲ್ ಆಫೀಸಿನವರ ಹತ್ತಿರ ಎರಡೆರಡು ಸಲ ಕೇಳಿ, ಆ ಅಜ್ಜಿಯ ಕಲ್ಲಿಗೇ ಹೂವಿಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದ್ದರು.

"ನನ್ನ ಮೇಲೆ ಸಿಟ್ಟು ಬಂದಿರ್ಬೇಕು."

"ನೋ, ನೋ. ಇಮಿಗ್ರೇಶನ್ ಲೈನ್‌ನಲ್ಲಿ ಒಬ್ಬ ಇಂಡಿಯನ್ ಹುಡುಗನ್ನ ವೀಸಾ ಇಲ್ಲ ಅಂತ ವಾಪಸ್ ಕಳ್ಸಿದ್ರಂತೆ, ಡ್ಯಾಡ್ ಕಣ್ಣೆದುರಿಗೇ. ಆಗ ಗೊತ್ತಾಯ್ತಂತೆ. 'ಅವಳನ್ನ ಹೊರಗೆ ಬಿಡಲ್ಲ ಅಂತ ನಂಗೆ ಹೊಳೀಲೇ ಇಲ್ಲ. ಪಾಪ, ತಾಯಿ ಕಾರ್ಯಕ್ಕೆ ಹೊರಟಿದ್ದ ಹುಡುಗಿ ಕೈಲಿ ಸುಳ್ಳು ಹೇಳಿಸ್ದೆ' ಅಂದ್ರು. ನಿಂಗೆ ಹೇಳ್ಬೇಡ ಅಂತ ಪ್ರಾಮಿಸ್ ತಗೊಂಡ್ರು."

ಸಾರಿ ಕೇಳಲು ಐವತ್ತು ವರ್ಷ ಕಾದು ಹೋದವರು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅಷ್ಟಾದ ಮೇಲೂ ನನ್ನ ಮುಖ ಉಳಿಸಲು, ಜೀವಮಾನವೆಲ್ಲ ಮಾಡಬಾರದು ಎಂದು ಬಯ್ಯುತ್ತಿದ್ದ ಕೆಲಸವನ್ನೇ ಮಾಡಿ, ಇಲ್ಲದ ಕಲ್ಲನ್ನು ಇದೆ ಅಂದಿದ್ದರು. ಆಗಲೂ ನನಗೆ ಅಳು ಬರಲಿಲ್ಲ. ಬರಬೇಕಿತ್ತು.

ಅವರು ಹೋಗಿ ಬಂದ ಮೇಲೆ ಒಂದೂವರೆ ವರ್ಷ ನಾವು ಪ್ರತಿ ಭಾನುವಾರ ಅದೇ ಅಡುಗೆಮನೆಯಲ್ಲಿ ಕಾಫಿ ಕುಡಿದಿದ್ದೇವೆ. ಲೋಟ ಖಾಲಿಯಾದ ಮೇಲೆ "ಇನ್ನೇನಮ್ಮ, ಹೇಳು" ಎಂದು ಸುಮ್ಮನೆ ಕೂತಿರುತ್ತಿದ್ದರು. ಬೇಗ ಏಳುತ್ತಿರಲಿಲ್ಲ. ನಾನು ಪ್ರತಿ ಸಲವೂ "ಏನಿಲ್ಲ ಅಂಕಲ್" ಅನ್ನುತ್ತಿದ್ದೆ.