ನೀಲಿ ಪುಡಿಯ ಮೇಡಂ

ಗಾಜಿನ ಲೋಟದಲ್ಲಿ ಕಾಫಿ ಕೊಟ್ಟರೂ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಬಲಗಣ್ಣು ಕಿರಿದು ಮಾಡಿ ನೋಡಿಯೇ ಕುಡಿಯುತ್ತಿದ್ದರು. ಹಪ್ಪಳವನ್ನೂ ಹಾಗೇ ನೋಡುತ್ತಿದ್ದರು. ಕೆಲಸದಿಂದ ಬಂದ ಅಭ್ಯಾಸ.

ನಿಮ್ಮ ತಾತ ಹೋದ ಮೇಲೆ ಚಿತ್ರದುರ್ಗದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವರು ಅವರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ನಾನೋ ಹರಿಯಬ್ಬೆ ಎಂಬ ಹಳ್ಳಿಯ ಶಾಲೆಯಲ್ಲಿ ಓದಿದವಳು, ಹೊಸಬರೆದುರು ಬಾಯಿ ಬಿಡದವಳು. ಆದರೂ ಸಂಜೆ ಅವರು ಅಡುಗೆಮನೆ ಬಾಗಿಲಲ್ಲಿ ಬಂದು ಕೂರುತ್ತಿದ್ದರು.

"ನಿಮ್ಮ ಉಪ್ಪಿಟ್ಟಿಗೆ ಮೊದ್ಲು ಡಾಕ್ಟರೇಟ್ ಕೊಡ್ಬೇಕು ಕಣಕ್ಕ. ನಂಗೆ ಇನ್ನೂ ಸಿಕ್ಕಿಲ್ಲ," ಎಂದು ನಗುತ್ತಿದ್ದರು.

ಅವರ ಡಾಕ್ಟರೇಟ್ ಕೆಲಸವೆಲ್ಲ ಬಾಯಿ ಮುಚ್ಚಿದ ಸಣ್ಣ ಗಾಜಿನ ಕೊಳವೆಗಳಲ್ಲಿತ್ತು. ಒಳಗೆ ನೀಲಿ ಪುಡಿ. ಜಿಯೋಲೈಟ್ ಅಂತೆ, ಒಳಗೆಲ್ಲ ಕಣ್ಣಿಗೆ ಕಾಣದ ಗೂಡುಗಳಿರುವ ಕಲ್ಲಿನ ಜಾತಿ. ಆ ಗೂಡುಗಳಲ್ಲಿ ಕೋಬಾಲ್ಟ್ ಎಂಬ ಲೋಹದ ಕಣಗಳು ಎಲ್ಲೆಲ್ಲಿ ಕೂತಿವೆ ಎಂದು ಅವರು ಹುಡುಕುತ್ತಿದ್ದರು.

"ಒಡೆದು ನೋಡಬಾರದಾ?" ಅಂದೆ.

"ಒಡೆದ್ರೆ ಗೂಡೇ ಇರಲ್ಲ. ಬೆಳಕು ಬಿಟ್ಟು ನೋಡ್ತೀವಿ. ಯಾವ ಬಣ್ಣ ನುಂಗ್ತೈತೆ ಅನ್ನೋದ್ರಿಂದ ಎಲ್ಲಿ ಕುಂತೈತೆ, ಸುತ್ತ ಯಾರದಾರೆ, ಗೊತ್ತಾಗುತ್ತೆ. ನೀರಿದ್ದಾಗ ದೊಡ್ಡ ಗೂಡಿನ ನಡುವೆ ಓಡಾಡ್ಕಂಡಿರುತ್ತೆ, ಗುಲಾಬಿ. ಕಾಯಿಸಿ ನೀರು ತೆಗೆದ್ರೆ ಗೋಡೆಗೆ ಆತ್ಕಂಡು ಕುಂತ್ಕಳುತ್ತೆ, ನೀಲಿ."

ಅದು ನನಗೆ ತಟ್ಟನೆ ಅರ್ಥವಾಯಿತು. ನಿಮ್ಮ ತಾತ ಹೋದ ಮೇಲೆ ನಾನೂ ಹಾಗೇ ಗೋಡೆಗೆ ಆತು ಕೂತವಳು.

ಬೆಳಕು ಬಿಟ್ಟಾಗ ಯಂತ್ರ ಕಾಗದದ ಮೇಲೆ ಬರೆದ ಗೆರೆಯನ್ನೂ ತೋರಿಸಿದ್ದರು. ದೊಡ್ಡ ಗುಡ್ಡದಂಥ ಗೆರೆ, ಅದರ ಹೆಗಲಲ್ಲಿ ಒಂದು ಸಣ್ಣ ಉಬ್ಬು. ಹೆಚ್ಚಿನ ಕಣಗಳು ಒಂದೇ ಬಗೆಯ ಗೂಡಿನಲ್ಲಿವೆ, ಕೆಲವು ಮಾತ್ರ ಬೇರೆಲ್ಲೋ ಒಂಟಿಯಾಗಿವೆ ಎಂದು ಅದರರ್ಥವಂತೆ. ಅವರ ಸಂಶೋಧನೆ ನೋಡಿಕೊಳ್ಳುತ್ತಿದ್ದ ಗೈಡ್‌ಗೆ ಆ ಉಬ್ಬು ಬೇಡವಾಗಿತ್ತು. ಒಂದು ದಿನ ನನ್ನೆದುರೇ ಆ ಗೈಡ್ ಫೋನ್ ಮಾಡಿದರು, ಅವರ ದನಿ ನನಗೂ ಕೇಳುತ್ತಿತ್ತು.

"ಅದನ್ನ ಬಿಡ್ರಿ ಮೇಡಂ. ಕೊಳವೆಯೊಳಗೆ ತೇವ ಸೇರಿರ್ಬೇಕು. ಈ ವರ್ಷವೇ ಮುಗಿಸ್ರಿ."

"ತೇವ ಸೇರಿದ್ರೆ ಗುಲಾಬಿಗೆ ತಿರುಗೋದು ಸರ್. ಸ್ವಲ್ಪೇ ಇರ್ಲಿ, ಅವೂ ಅಲ್ಲಿ ಅವೆ. ಇಲ್ಲ ಅಂತ ಹೆಂಗೆ ಬರೀಲಿ?"

ಮತ್ತೆ ಮೊದಲಿನಿಂದ ಪುಡಿ ಒಣಗಿಸಿ, ಹೊಸ ಕೊಳವೆಗಳಿಗೆ ತುಂಬಿದರು. ಯೂನಿವರ್ಸಿಟಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಕೊಳವೆಗಳ ಡಬ್ಬಿ ನನ್ನ ಮಡಿಲಲ್ಲಿತ್ತು. ಗುಂಡಿ ಬಂದಾಗಲೆಲ್ಲ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಸಂಜೆ ಯಂತ್ರದ ಕೋಣೆಯಿಂದ ಹೊರಬಂದವರು ನನ್ನ ಕೈ ಹಿಡಿದುಕೊಂಡರು. ಉಬ್ಬು ಅಲ್ಲೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ ಕೊಡಿಸಿದರು.

ಗೈಡ್ ಆಗಲೂ ಒಪ್ಪಲಿಲ್ಲ. ಮೇಡಂ ತಿದ್ದಲಿಲ್ಲ. ಹಾಗೇ ಕಾಯುತ್ತಿರುವಾಗ, ಪಾಠ ಮಾಡುತ್ತಲೇ ಎದೆನೋವು ಬಂದು ಹೋಗಿಬಿಟ್ಟರು. ಪದವಿ ಬರಲೇ ಇಲ್ಲ.

ಹೊಸದುರ್ಗದಿಂದ ಅವರ ತಮ್ಮ ಬಂದ, ಕೋಣೆ ಖಾಲಿ ಮಾಡಲು. ಬಟ್ಟೆಬರೆ ಕಟ್ಟಿ, ಕಾಗದ, ಕೊಳವೆಗಳನ್ನು ಗೋಣಿಚೀಲದ ಹತ್ತಿರ ತಂದ.

"ಇವೇನಮ್ಮ? ಬಿಸಾಕ್ಲಾ?"

"ಬಿಸಾಕಬ್ಯಾಡ್ರಿ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕುಂತ್ಕಳ್ರಿ, ಹೇಳ್ತೀನಿ."

ಗೂಡು, ಬೆಳಕು, ನೀಲಿ, ಫೋನಿನ ಮಾತು, ಎಲ್ಲ ಹೇಳಿದೆ. ಗಂಡಸರೆದುರು ಅಷ್ಟು ಮಾತು ನಾನು ಎಂದೂ ಆಡಿದವಳಲ್ಲ.

"ನಮ್ಮಕ್ಕ ಇದನ್ನೆಲ್ಲ ನಮಗೆ ಹೇಳ್ಲೇ ಇಲ್ಲ," ಅಂದ.

"ನೀವು ಕೇಳಿದ್ರಾ?"

ಅವನು ಗೋಣಿಚೀಲವನ್ನು ಪಕ್ಕಕ್ಕೆ ಸರಿಸಿದ. ಆ ಗೆರೆಯ ಕಾಗದವನ್ನು ಬಿಡಿಸಿ ನನ್ನ ಕಡೆ ಚಾಚಿದ.

"ಆ ಉಬ್ಬು ಎಲ್ಲೈತಮ್ಮ? ತೋರಿಸ್ರಿ."