ಅಂತರಗಂಗೆಯ ಉತ್ತರಕ್ಕೆ ಹಾಕಿದ ಸೊನ್ನೆ

ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಶೀಲ್ಡ್ ಇತ್ತು. ಊರಿನ ಕೆರೆಯಿಂದ ಅಂತರಗಂಗೆ ಎನ್ನುವ ನೀರಿನ ಕಳೆಯನ್ನು ಕಿತ್ತ ಕೆಲಸವನ್ನು ಶಿರಸಿಯ ವಿಜ್ಞಾನ ಮೇಳದಲ್ಲಿ ತೋರಿಸಿದ್ದಕ್ಕೆ ನನ್ನ ವಿದ್ಯಾರ್ಥಿಗಳಿಗೆ ಸಿಕ್ಕಿದ್ದು. ನಿವೃತ್ತಿಯಾಗುವವರೆಗೂ ನಾನು ಅದಕ್ಕೆ ಬೆನ್ನು ಹಾಕಿದ ಕುರ್ಚಿಯಲ್ಲೇ ಕೂರುತ್ತಿದ್ದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಉಳಿದವರಿಗೆ ಹೇಳಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಸಿದ್ದಾಪುರದ ಹತ್ತಿರ, ನನ್ನದೇ ಊರಿನ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಯಾರೋ ಹೂವಿನ ಆಸೆಗೆ ತಂದು ಬಿಟ್ಟ ಅಂತರಗಂಗೆ ಎರಡೇ ಮಳೆಗಾಲದಲ್ಲಿ ನಮ್ಮ ಕೆರೆಯನ್ನು ಮುಚ್ಚಿತ್ತು. ಒಂಬತ್ತನೇ ತರಗತಿಯನ್ನು ದಂಡೆಯ ಮೇಲೆ ನಿಲ್ಲಿಸಿ ಪಾಠ ಮಾಡಿದೆ. ಇದು ಈ ನೆಲದ ಗಿಡವಲ್ಲ, ಇದನ್ನು ತಿನ್ನುವವರು ಇಲ್ಲಿಲ್ಲ, ಬುಡದ ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಅದಕ್ಕೇ ಕಿತ್ತದ್ದನ್ನು ನೀರು ತಾಗದ ದಿಬ್ಬದಲ್ಲಿ ಒಣಗಿಸಿ ಸುಡಬೇಕು. ಮಕ್ಕಳು ಬರೆದುಕೊಂಡರು.

ಆ ಚಳಿಗಾಲದ ಮೂರು ಶನಿವಾರ ಎಲ್ಲರೂ ಸೊಂಟದ ಮಟ್ಟದ ನೀರಿಗಿಳಿದು ಕಿತ್ತೆವು. ದಂಡೆಯ ಮೇಲೆ ಹಸಿರು ರಾಶಿ ನನ್ನ ಎತ್ತರಕ್ಕೆ ಬಂತು. ಅಷ್ಟರಲ್ಲಿ ನನ್ನ ಅಣ್ಣ ಬಂದ. ಹಸಿರೆಂದು ಕಂಡದ್ದನ್ನೆಲ್ಲ ಅಡಿಕೆ ಮರದ ಬುಡಕ್ಕೆ ಎಳೆದು ತರುವುದು ನಮ್ಮ ಮನೆಗಳ ಹುಟ್ಟುಗುಣ. ಸೊಪ್ಪು ಸುಡುವುದೆಂದರೆ ಅನ್ನ ಚೆಲ್ಲಿದ ಹಾಗೆ.

"ಅದ್ನ ಸುಟ್ಟು ಎಂತಕ್ಕೆ ಹಾಳು ಮಾಡ್ತೆ ಮಾರಾಯಾ? ತೋಟಕ್ಕೆ ಹಾಕನ" ಎಂದ.

ನನಗೂ ಹೊಟ್ಟೆ ಉರಿಯುತ್ತಲೇ ಇತ್ತು, ಅಷ್ಟು ಒಳ್ಳೆಯ ಗೊಬ್ಬರ ಬೂದಿಯಾಗುವುದಲ್ಲ ಎಂದು. ಮಕ್ಕಳ ತಲೆಗೆ ಬುಟ್ಟಿ ಹೊರಿಸಿದೆ. ಊರಿನ ನಾಲ್ಕು ತೋಟಗಳಿಗೆ ಹಂಚಿದೆ, ನಮ್ಮದಕ್ಕೆ ಸ್ವಲ್ಪ ಜಾಸ್ತಿಯೇ. ಕೆಳಗಿನ ಊರಿನಿಂದ ನಡೆದು ಬರುತ್ತಿದ್ದ, ಗದ್ದೆ ಮಾಡುವ ಮನೆಯ ಹುಡುಗಿಯೊಬ್ಬಳು ಬುಟ್ಟಿ ಎತ್ತದೆ ನಿಂತಳು.

"ಸರ್, ಸುಡ್ಬೇಕು ಅಂತ ಹೇಳಿದ್ರಲ್ಲ?"

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ನಾನು. "ತೋಟದಲ್ಲಿ ಕೊಳೆಯುತ್ತದೆ. ನೀನು ನನಗೆ ಪಾಠ ಮಾಡಬೇಡ, ನಡಿ" ಎಂದೆ. ಅವಳು ಬುಟ್ಟಿ ಹೊತ್ತು ನಡೆದಳು.

ಮರದ ಬುಡಕ್ಕೆ ಹಾಕಿದ್ದು ಕೊಳೆಯಿತು. ಮರಗಳ ಸಾಲಿನ ನಡುವಿನ ಬಸಿಗಾಲುವೆಗೆ, ನಾವು ಕಾದಿಗೆ ಎನ್ನುವುದಕ್ಕೆ, ಬಿದ್ದದ್ದು ಬೇಸಿಗೆಯಿಡೀ ಆ ತೇವದಲ್ಲಿ ಜೀವ ಹಿಡಿದುಕೊಂಡಿತ್ತು. ಜೂನ್ ತಿಂಗಳ ಮಳೆ ಅದನ್ನು ಹಳ್ಳಕ್ಕೆ ತಳ್ಳಿತು. ಹಳ್ಳ ಹೋಗಿ ಸೇರುವುದು ಆ ಹುಡುಗಿಯ ಊರಿನ ಕೆರೆಗೆ.

ನವರಾತ್ರಿಯ ಹೊತ್ತಿಗೆ, ಈಗ ಹತ್ತನೇ ತರಗತಿಯಲ್ಲಿದ್ದ ಅವಳು ಊದಿದ ತೊಟ್ಟಿನ ಒಂದು ಗಿಡ ಹಿಡಿದುಕೊಂಡು ತರಗತಿಗೆ ಬಂದಳು.

"ಸರ್, ನಮ್ಮೂರ ಕೆರೀಗೂ ಬಂದೈತೆ. ತೂಬು ಕಟ್ಕಂಡು ಗದ್ದೀಗೆ ನೀರೇ ಇಳೀತಿಲ್ಲ. ಎಲ್ಲಿಂದ ಬಂತು?"

ಕೇಳಿದ ಕ್ಷಣಕ್ಕೇ ನನಗೆ ಗೊತ್ತಾಯಿತು. ಹಿಂದಿನ ವಾರವೇ ನಮ್ಮ ಕಾದಿಗೆಯಲ್ಲಿ ನೇರಳೆ ಹೂವು ನೋಡಿದ್ದೆ. ನಲವತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು, ಶೀಲ್ಡ್ ಬಂದು ಇನ್ನೂ ತಿಂಗಳಾಗಿರಲಿಲ್ಲ. "ನೀರುಹಕ್ಕಿಗಳ ಕಾಲಿಗೆ ಅಂಟಿಕೊಂಡು ಬರುತ್ತದೆ" ಎಂದೆ. ಬೋರ್ಡಿನ ಮೇಲೆ ಒಂದು ಹಕ್ಕಿಯನ್ನೂ ಬರೆದೆ. ಆಮೇಲೆ ಅವಳು ವಾರಕ್ಕೆರಡು ದಿನ ಶಾಲೆ ತಪ್ಪಿಸಿ ಅಪ್ಪನ ಜೊತೆ ಕೆರೆಗಿಳಿಯತೊಡಗಿದಳು. ಹಾಜರಿ ಕಡಿಮೆಯಾಯಿತೆಂದು ಎಲ್ಲರೆದುರು ಬೈದವನೂ ನಾನೇ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ: ಜಲಕಳೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೇಗೆ ಹರಡುತ್ತದೆ? ಎಲ್ಲರೂ ಹಕ್ಕಿ ಎಂದು ಬರೆದರು. ಅವಳೊಬ್ಬಳು ಬರೆದಿದ್ದಳು: "ಕಿತ್ತ ಕಳೆಯನ್ನು ಸುಡದೆ ತೋಟಕ್ಕೆ ಹಾಕಿದರೆ ಮಳೆ ನೀರಿನಲ್ಲಿ ತೇಲಿ ಕೆಳಗಿನ ಕೆರೆಗೆ ಬರುತ್ತದೆ." ಕೆಂಪು ಪೆನ್ನು ಹಿಡಿದು ಅದನ್ನು ಎರಡು ಸಲ ಓದಿದೆ. ಪಾಠದಲ್ಲಿ ಹೇಳಿದ್ದನ್ನು ಬರೆದಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡು ಸೊನ್ನೆ ಹಾಕಿದೆ. ಪೇಪರು ತೆಗೆದುಕೊಂಡಾಗ ಅವಳು ಆ ಸೊನ್ನೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಹನ್ನೆರಡು ವರ್ಷ ಕಳೆದ ಮೇಲೆ ಯಲ್ಲಾಪುರ ಕಡೆಯ ಒಂದು ಪ್ರಾಥಮಿಕ ಶಾಲೆಯಿಂದ ಕರೆ ಬಂತು. ಮಕ್ಕಳಿಗೆ ಕೆರೆಯ ಬಗ್ಗೆ ಮಾತಾಡಬೇಕಂತೆ. ಹೋಗಿ ನೋಡಿದರೆ ಟೀಚರ್ ಅವಳೇ. ಕುರ್ಚಿ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟಳು. ಹಳೆಯ ಮಾತು ಒಂದೂ ಎತ್ತಲಿಲ್ಲ. ನನ್ನ ತಪ್ಪನ್ನು ಇವತ್ತು ಹೇಳಿಯೇಬಿಡಬೇಕು ಎಂದು ಬಸ್ಸಿನಲ್ಲಿ ಅಂದುಕೊಂಡು ಬಂದವನಲ್ಲ ನಾನು, ಅವಳು ಇರುತ್ತಾಳೆಂದೇ ಗೊತ್ತಿರಲಿಲ್ಲ. ಆದರೂ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗುತ್ತಿತ್ತು?

"ಸರ್, ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ" ಎಂದಳು.

ಬಾಯಿಗೆ ಬಂದದ್ದು ಅದೊಂದೇ ಪ್ರಶ್ನೆ. ಜಲಕಳೆ ಹೇಗೆ ಹರಡುತ್ತದೆ ಎಂದೆ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು: "ಕಿತ್ತ ಕಳೆಯನ್ನು ಸುಡದೆ ತೋಟಕ್ಕೆ ಹಾಕಿದರೆ ಮಳೆ ನೀರಿನಲ್ಲಿ ತೇಲಿ ಕೆಳಗಿನ ಕೆರೆಗೆ ಬರುತ್ತದೆ." ಒಂದು ಅಕ್ಷರವೂ ಆಚೀಚೆಯಾಗಿರಲಿಲ್ಲ.

ಟೀಚರ್ ನನ್ನ ಕಡೆ ತಿರುಗಿದಳು. "ಸರಿನಾ ಸರ್?"

"ಸರಿ" ಎಂದೆ.

ಅವತ್ತೂ ಸರಿಯೇ ಇತ್ತು ಎನ್ನುವ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಮಕ್ಕಳು ಆ ಪುಟ್ಟ ಹುಡುಗಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.